ವಿಜಯನಗರದ ಮಹಾನವಮಿ: ಯಂತ್ರ, ನಾಟ್ಯ, ಪ್ರೇಕ್ಷಕವರ್ಗ

ವಿಜಯನಗರದ ಮಹಾನವಮಿಯನ್ನು ವರ್ಣಿಸದ ಕರ್ಣಾಟಕ ಚರಿತ್ರೆಯ ಗ್ರಂಥವೇ ಇಲ್ಲವೆಂದರೂ ಸಲ್ಲುವುದು. ಆದರೆ ಈ ವರ್ಣನೆಗಳಲ್ಲಿ ಬಹುಪಾಲು ಆನೆ ಕುದುರೆಗಳ ಎಣಿಕೆಯಲ್ಲಿಯೂ ರತ್ನಾಭರಣಗಳ ಪ್ರಶಂಸೆಯಲ್ಲಿಯೂ ಮುಗಿದುಹೋಗುತ್ತವೆ. ಉತ್ಸವದಲ್ಲಿ ಪ್ರದರ್ಶಿತವಾದ ಯಂತ್ರಗಳು ಯಾವುವು, ನಾಟ್ಯದ ಕ್ರಮವೇನು, ಅವನ್ನು ನೋಡುವ ಭಾಗ್ಯ ಯಾರಿಗಿತ್ತು, ವೆಚ್ಚವನ್ನು ಹೊತ್ತವರು ಯಾರು ಎಂಬ ಪ್ರಶ್ನೆಗಳನ್ನು ಎತ್ತಿದವರು ವಿರಳ. ಕಡೆಯ ಎರಡು ಪ್ರಶ್ನೆಗಳ ವಿಷಯದಲ್ಲಿ ಎರಡು ಪಕ್ಷಗಳು ಬಳಕೆಯಲ್ಲಿವೆ. ಅದು ಹೆಂಗಸರು ಮಕ್ಕಳೆನ್ನದೆ ಸಮಸ್ತ ಪ್ರಜೆಗಳಿಗೂ ನಿಃಶುಲ್ಕವಾಗಿ ತೆರೆದಿದ್ದ ಲೋಕೋತ್ಸವವೆಂಬುದು ಒಂದು. ಅರಸನ ಪ್ರತಾಪಪ್ರದರ್ಶನಕ್ಕೆಂದು ಕೋಟೆಯೊಳಗೆ ನಡೆಯುತ್ತಿದ್ದ ಆಸ್ಥಾನಕರ್ಮವೆಂಬುದು ಮತ್ತೊಂದು. ಕಣ್ಣಾರೆ ಕಂಡವರ ಮಾತನ್ನು ಪರೀಕ್ಷಿಸಿದಲ್ಲದೆ ಇವುಗಳಲ್ಲಿ ಯಾವುದು ಗ್ರಾಹ್ಯವೆಂದು ಹೇಳಲಾಗದು.

ಸಾಕ್ಷಿಗಳು ಮುಖ್ಯವಾಗಿ ಮೂವರು. ಹಿರಾತಿನ ಷಾರುಖನ ರಾಯಭಾರಿಯಾಗಿ ಇಮ್ಮಡಿ ದೇವರಾಯನಲ್ಲಿಗೆ ೧೪೪೩ರಲ್ಲಿ ಬಂದ ಅಬ್ದುರ್ ರಜಾಕನು ಮೊದಲನೆಯವನು. ಕೃಷ್ಣದೇವರಾಯನ ಕಾಲದಲ್ಲಿ, ೧೫೨೦ರ ಸುಮಾರಿನಲ್ಲಿ, ನಗರವನ್ನು ಕಂಡ ಪೋರ್ಚುಗೀಸ ಡೊಮಿಂಗೊ ಪಾಯಸನು ಎರಡನೆಯವನು. ಅಚ್ಯುತರಾಯನ ಆಳಿಕೆಯಲ್ಲಿ ಅಲ್ಲಿದ್ದ ಕುದುರೆಯ ವ್ಯಾಪಾರಿ ನೂನಿಜನು ಮೂರನೆಯವನು. ಪೋರ್ಚುಗೀಸರಿಬ್ಬರ ಬರೆಹಗಳನ್ನು ರಾಬರ್ಟ್ ಸೀವೆಲನು ೧೯೦೦ರಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದನೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ.

ಮೊದಲನೆಯ ಸಾಕ್ಷಿಯಲ್ಲಿ ಕಾಲದ ತೊಡಕೊಂದುಂಟು. ಉತ್ಸವಕ್ಕೆ ಮಹಾನವಮಿಯ ಹೆಸರನ್ನೇ ಹೇಳುವ ಅಬ್ದುರ್ ರಜಾಕನು ಅದು ರಜಬ್ ಮಾಸದಲ್ಲಿ ಮೂರು ದಿನ ನಡೆಯಿತೆನ್ನುತ್ತಾನೆ. ಹಿಜರಿ ೮೪೭ನೆಯ ವರ್ಷದ ರಜಬ್ ಮಾಸವು ೧೪೪೩ನೆಯ ಅಕ್ಟೋಬರಿನ ಕಡೆಯ ವಾರದಲ್ಲಿ ಮೊದಲಾಗುತ್ತದೆ. ಪಂಚಾಂಗಗಣಿತದಂತೆ ಅದು ಕಾರ್ತೀಕ ಶುಕ್ಲಪಕ್ಷ. ಆಶ್ವಯುಜ ಶುಕ್ಲ ನವಮಿಯು ಅದಕ್ಕೆ ಸುಮಾರು ಮೂರು ವಾರಗಳ ಹಿಂದೆಯೇ ಕಳೆದಿರಬೇಕು. ನವರಾತ್ರಿಗೆ ಒಂಬತ್ತು ದಿನಗಳಾಗಬೇಕಾದರೆ ಇಲ್ಲಿ ಮೂರೇ ಇವೆ. ಆದುದರಿಂದ ಅವನು ಕಂಡುದು ಕಾರ್ತೀಕದ ಬೇರೊಂದು ಉತ್ಸವವೆಂದು ಊಹಿಸುವುದಕ್ಕೆ ಅವಕಾಶವಿದೆ. ಊರಿಗೆ ಮರಳಿ ಬಹು ವರ್ಷಗಳಾದ ಮೇಲೆ ಗ್ರಂಥವನ್ನು ಮುಗಿಸಿದವನಾದುದರಿಂದ ಮಾಸದ ಹೆಸರಿನಲ್ಲಿ ಅವನಿಗೇ ಸ್ಖಾಲಿತ್ಯ ಬಂದಿರಲೂಬಹುದು. ಎರಡನೆಯ ಊಹೆಯೇ ಲಘುವಾದುದು. ಪರದೇಶಿಗೆ ನಮ್ಮ ತಿಂಗಳನ್ನು ತನ್ನ ತಿಂಗಳೊಡನೆ ಹೊಂದಿಸುವುದು ಕಷ್ಟ. ಹತ್ತಾರು ಬಾರಿ ಕಿವಿಗೆ ಬಿದ್ದ ಹಬ್ಬದ ಹೆಸರನ್ನು ಮರೆಯುವುದು ಅಷ್ಟು ಸುಲಭವಲ್ಲ. ಹೇಗಿದ್ದರೂ ಅವನು ಕಂಡ ವಸ್ತುಗಳ ವಿವರಕ್ಕೆ ಇದರಿಂದ ಬಾಧಕವಿಲ್ಲ.

ಆ ವಿವರವೇ ಪ್ರಕೃತ ವಿಚಾರಕ್ಕೆ ಜೀವಾಳ. ವಿಶಾಲವಾದ ಬಯಲಿನಲ್ಲಿ ಎರಡರಿಂದ ಐದು ನೆಲೆಗಳವರೆಗೆ ಎತ್ತರವಾದ ಮಂಟಪಗಳನ್ನು ಕಟ್ಟಿದ್ದರು. ಮನುಷ್ಯರು, ಮೃಗಗಳು, ಪಕ್ಷಿಗಳು ಮೊದಲುಗೊಂಡು ನೊಣ ಸೊಳ್ಳೆಗಳವರೆಗೆ ಸಕಲ ಜೀವಿಗಳ ಚಿತ್ರಗಳನ್ನು ಅವುಗಳ ಮೇಲೆ ಅತಿ ಸೂಕ್ಷ್ಮವಾಗಿ ಬರೆದಿದ್ದರು. ಕೆಲವು ಮಂಟಪಗಳು ತಿರುಗುತ್ತಿದ್ದುವು. ಕ್ಷಣಕ್ಷಣಕ್ಕೂ ಒಂದೊಂದು ಹೊಸ ಮುಖವನ್ನು ನೋಟಕರಿಗೆ ತೋರುತ್ತಿದ್ದುವು. ತಿರುಗಿಸುವ ಸಾಧನವೇನೆಂದು ಅವನು ಹೇಳಿಲ್ಲ. ಆದರೆ ಇಂತಹ ರಚನೆ ಭರತಖಂಡದಲ್ಲಿ ಹೊಸತಲ್ಲ. ಹನ್ನೊಂದನೆಯ ಶತಮಾನದ ಧಾರಾಧೀಶ ಭೋಜನ ಸಮರಾಂಗಣಸೂತ್ರಧಾರದಲ್ಲಿ ಯಂತ್ರವಿಧಾನಕ್ಕೇ ಮೀಸಲಾದ ಅಧ್ಯಾಯವಿದೆ. ತಿರುಗುವ ದೋಲಾಯಂತ್ರಗಳೂ ಅಲ್ಲಿ ಬಂದಿವೆ. ಯಂತ್ರಗಳ ಘಟನಾಕ್ರಮವನ್ನು ಪೂರ್ತಿಯಾಗಿ ಬರೆಯದಿರುವುದು ಅಜ್ಞಾನದಿಂದಲ್ಲ, ಗೋಪ್ಯಾರ್ಥವಾಗಿ ಎಂದು ಗ್ರಂಥಕಾರನು ಅಲ್ಲಿಯೇ ಹೇಳಿಕೊಂಡಿದ್ದಾನೆ. ಈ ಗೋಪನದ ಫಲವನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ: ಯಂತ್ರದ ಹೆಸರು ಉಳಿದಿದೆ, ಯಂತ್ರ ಉಳಿದಿಲ್ಲ.

ಇದಕ್ಕಿಂತಲೂ ಗಮನಾರ್ಹವಾದುದು ಆನೆಯ ತುಲಾಯಂತ್ರ. ಹತ್ತು ಗಜ ಎತ್ತರದ ಕಂಬವನ್ನು ನೆಟ್ಟು, ತುದಿಯಲ್ಲಿ ರಂಧ್ರ ಮಾಡಿ, ಅದರಲ್ಲಿ ತಕ್ಕಡಿಯ ದಂಡದಂತೆ ತೊಲೆಯೊಂದನ್ನು ತೂರಿಸಿದ್ದರು. ತೊಲೆಯ ಒಂದು ಕೊನೆಗೆ ಆನೆಯ ತೂಕಕ್ಕೆ ಸಮನಾದ ಕಲ್ಲು. ಮತ್ತೊಂದು ಕೊನೆಗೆ ಗಜದಷ್ಟು ಉದ್ದದ ಅಗಲವಾದ ಹಲಗೆ. ಆನೆಯು ಹಲಗೆಯನ್ನೇರಿದ ಬಳಿಕ ಮಾವಟಿಗನು ಹಗ್ಗವನ್ನು ಮೆಲ್ಲಮೆಲ್ಲನೆ ಸಡಿಲಿಸುತ್ತಿದ್ದನು. ಆನೆಯೂ ಕಲ್ಲೂ ಆಕಾಶದಲ್ಲಿ ಸಮತೂಕದಿಂದ ನಿಲ್ಲುತ್ತಿದ್ದುವು. ಆಮೇಲೆ ಅರಸನ ಎದುರಿನಲ್ಲಿ ಆನೆಯು ಮೇಲಕ್ಕೂ ಕೆಳಕ್ಕೂ ತೂಗಾಡುತ್ತಿತ್ತು.

ಇದನ್ನು ಬರಿಯ ದೊಂಬರಾಟವೆಂದು ತಳ್ಳಿಹಾಕುವುದು ಯುಕ್ತವಲ್ಲ. ಬೆಳೆದ ಆನೆಯ ಭಾರ ಮೂರು ನಾಲ್ಕು ಟನ್ನುಗಳಷ್ಟಿರುತ್ತದೆ. ಕಲ್ಲಿನ ಭಾರವೂ ಅಷ್ಟೇ. ಎರಡನ್ನೂ ಕೂಡಿ ಹೊತ್ತು ಮುರಿಯದೆ ನಿಲ್ಲಬಲ್ಲ ತೊಲೆಯ ಗಾತ್ರವನ್ನೂ, ಕಂಬವು ವಾಲದಂತೆ ನೆಲದಲ್ಲಿ ಹೂಳಬೇಕಾದ ಆಳವನ್ನೂ ತಿಳಿದವನಲ್ಲದೆ ಇದಕ್ಕೆ ಕೈಹಾಕಲಾರನು. ದೋಣಿಯ ಮೇಲೆ ಆನೆಯನ್ನು ನಿಲ್ಲಿಸಿ, ನೀರಿನ ಗೆರೆಯನ್ನು ಗುರುತಿಸಿಕೊಂಡು, ಬಳಿಕ ಅದೇ ಗೆರೆಯವರೆಗೆ ಕಲ್ಲುಗಳನ್ನು ತುಂಬಿ ತೂಕವನ್ನು ಕಂಡುಹಿಡಿದ ಜಾಣನ ಕಥೆ ಜನಜನಿತವಾಗಿದೆ. ಇಲ್ಲಿ ದೋಣಿಯ ಅಗತ್ಯವೂ ಇಲ್ಲ. ದಂಡವು ಸಮವಾಗುವವರೆಗೆ ಕಲ್ಲನ್ನು ಕೆತ್ತುತ್ತ ಬಂದರೆ ಯಂತ್ರವೇ ತೂಕವನ್ನು ಹೇಳುತ್ತದೆ. ಎರಡು ಭಾರಗಳೂ ಸಮವಾದ ಮೇಲೆ ಅಲ್ಪಬಲದಿಂದ ಮಹಾಭಾರವನ್ನು ಎತ್ತಿಳಿಸಬಹುದೆಂಬ ತತ್ತ್ವವನ್ನು ಸಾವಿರಾರು ಜನರ ಕಣ್ಣಿಗೆ ಹೀಗೆ ತೋರಿಸಿದರು. ಅದನ್ನು ತೋರಿಸಿದ ಬಡಗಿಯ ಹೆಸರಾಗಲಿ ಕಲ್ಲುಕುಟಿಗನ ಹೆಸರಾಗಲಿ ಎಲ್ಲಿಯೂ ದಾಖಲೆಯಾಗಿಲ್ಲ. ಅರಸನ ಕೊರಳಿನ ಮುತ್ತುಗಳನ್ನು ಹೊಗಳುವುದಕ್ಕೆ ದೊರೆತ ಬಿಡುವು ಇವರ ಹೆಸರನ್ನು ಕೇಳುವುದಕ್ಕೆ ರಾಯಭಾರಿಗೆ ದೊರೆಯಲಿಲ್ಲ.

ಇನ್ನು ನಾಟ್ಯ. ಮಂಟಪಗಳಿಗೂ ಅರಸನ ಸೌಧಕ್ಕೂ ನಡುವಣ ಬಯಲಿನಲ್ಲಿ ಗಾಯಕರೂ ಕಥೆ ಹೇಳುವವರೂ ತಂತಮ್ಮ ವಿದ್ಯೆಗಳನ್ನು ತೋರುತ್ತಿದ್ದರು. ನರ್ತಕಿಯರು ಅರಸನ ಎದುರಿಗೆ ಜವನಿಕೆಯ ಹಿಂದೆ ಕುಳಿತಿದ್ದು, ಅದು ಥಟ್ಟನೆ ಎರಡು ಪಕ್ಕಗಳಿಗೂ ಸರಿದೊಡನೆ ಹೆಜ್ಜೆ ಹಾಕಲು ತೊಡಗುತ್ತಿದ್ದರು. ತೆರೆಯು ಇಬ್ಭಾಗವಾಗಿ ಸರಿಯುತ್ತಿದ್ದಿತೆಂಬ ಈ ಸಣ್ಣ ಸಂಗತಿ ನಮ್ಮ ರಂಗಭೂಮಿಯ ಇತಿಹಾಸವನ್ನು ಬರೆಯುವವರಿಗೆ ಬಹು ಬೆಲೆಯುಳ್ಳದ್ದು. ಪಾಯಸನ ಕಾಲಕ್ಕೆ ರಾತ್ರಿಯ ಆಟಗಳು ಇನ್ನೂ ಬೆಳೆದಿದ್ದುವು. ಪಂಜುಗಳಿಂದ ಅಂಗಣವೆಲ್ಲ ಹಗಲಿನಂತೆ ಬೆಳಗುತ್ತಿರಲು, ಕುದುರೆಯ ಮೇಲೆ ಕುಳಿತು ಕಾದುವವರ ವೇಷಗಳು ಬರುತ್ತಿದ್ದುವು. ಬಲೆಗಳನ್ನು ಹಿಡಿದು ಬಂದ ಬೆಸ್ತರ ವೇಷದವರು ಅಂಗಣದಲ್ಲಿದ್ದವರನ್ನೇ ಮೀನುಗಳಂತೆ ಹಿಡಿಯುತ್ತಿದ್ದರು. ಹಾಸ್ಯರಸದ ಈ ಪ್ರಸಂಗವನ್ನು ಓದುವಾಗ ಆ ಗಂಭೀರ ಸಭೆಯಲ್ಲಿ ಎದ್ದ ನಗೆ ಕೇಳಿಸಿದಂತಾಗುತ್ತದೆ. ತರುವಾಯ ಬಾಣಬಿರುಸುಗಳು, ಹೊತ್ತಿ ಉರಿಯುತ್ತ ಗುಂಡುಗಳನ್ನು ಕಾರುವ ಬೆಂಕಿಯ ಕೋಟೆಗಳು, ಕಡೆಗೆ ನಾಯಕರು ಕಳುಹಿಸಿದ ಅಂತಸ್ತಿನ ರಥಗಳು. ಮದ್ದಿನ ಆಟವನ್ನು ಅಬ್ದುರ್ ರಜಾಕನೂ ಕಂಡಿದ್ದನು. ಭಾರತದಲ್ಲಿ ಬಾಣಬಿರುಸುಗಳ ಚರಿತ್ರೆಯನ್ನು ಸಂಶೋಧಿಸಿದ ಪಿ. ಕೆ. ಗೋಡೆಯವರು ಅವನ ಮಾತನ್ನು ಪ್ರಾಚೀನ ಆಧಾರಗಳಲ್ಲಿ ಒಂದಾಗಿ ಎಣಿಸಿದ್ದಾರೆ.

ಯಂತ್ರವನ್ನೂ ನಾಟ್ಯವನ್ನೂ ಒಂದೇ ಅಂಗಣಕ್ಕೆ ತಂದ ಈ ಪದ್ಧತಿಗೆ ಕರ್ಣಾಟಕದಲ್ಲಿಯೇ ಪೂರ್ವಪರಂಪರೆಯುಂಟು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಿನೋದಗಳಿಗೆ ಒಂದು ವಿಂಶತಿ, ಕ್ರೀಡೆಗಳಿಗೆ ಮತ್ತೊಂದು ವಿಂಶತಿ ಮೀಸಲಾಗಿವೆ. ಅಲ್ಲಿ ಶಾಸ್ತ್ರವಿಚಾರವೂ ಗೀತ ವಾದ್ಯ ನೃತ್ಯಗಳೂ ಕಥೆಯೂ ಮಲ್ಲಯುದ್ಧವೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ವಿದ್ಯೆ ಬೇರೆ, ವಿನೋದ ಬೇರೆ ಎಂಬ ಭೇದಬುದ್ಧಿ ಆ ಚಕ್ರವರ್ತಿಗೆ ಇರಲಿಲ್ಲ. ಆದರೆ ಅಲ್ಲಿ ಹೇಳಿರುವುದು ರಾಜನ ವಿನೋದ. ಮಹಾನವಮಿಯಲ್ಲಿ ಅದು ಪ್ರಜೆಯ ವಿನೋದವೂ ಆಯಿತೇ?

ಲೋಕೋತ್ಸವಪಕ್ಷಕ್ಕೆ ಪಾಯಸನ ಮಾತು ಪ್ರತಿಕೂಲವಾಗಿದೆ. ಅರಮನೆಯ ಬಾಗಿಲುಗಳಲ್ಲಿ ಕೋಲು ಚಾವಟಿಗಳನ್ನು ಹಿಡಿದ ಕಾವಲುಗಾರರು ನಿಂತಿದ್ದು, ನಾಯಕರನ್ನೂ ಕಾರ್ಯವುಳ್ಳವರನ್ನೂ ಅಲ್ಲದೆ ಮತ್ತಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅಬ್ದುರ್ ರಜಾಕನಾದರೂ ಏಳನೆಯ ನೆಲೆಯಲ್ಲಿ ತನ್ನವರೊಡನೆ ಕುಳಿತು ನೋಡಿದವನು. ಅಲ್ಲಿಗೆ ಅನ್ಯರಿಗೆ ಪ್ರವೇಶವಿರಲಿಲ್ಲ. ಸಾಮಾನ್ಯ ಗೃಹಸ್ಥನು ಹೆಂಡತಿ ಮಕ್ಕಳೊಡನೆ ಅಂಗಣದಲ್ಲಿ ಕುಳಿತಿದ್ದನೆಂದು ಈ ಮೂವರಲ್ಲಿ ಒಬ್ಬನೂ ಹೇಳುವುದಿಲ್ಲ. ಉತ್ಸಾಹದಿಂದ ಬರೆಯುವವರು ಈ ಮೌನವನ್ನು ತಮಗೆ ಬೇಕಾದಂತೆ ತುಂಬಿಕೊಂಡಿದ್ದಾರೆ.

ಹಾಗೆಂದು ಎರಡನೆಯ ಪಕ್ಷವನ್ನು ಸಮಗ್ರವಾಗಿ ಒಪ್ಪುವುದಕ್ಕೂ ಆಗದು. ಮರದ ಅಟ್ಟಳೆಗಳು ಗೋಡೆಗಳಿಗಿಂತಲೂ ಎತ್ತರವಾಗಿ ಕಾಣುತ್ತಿದ್ದುವೆಂದು ಪಾಯಸನಿಂದಲೇ ತಿಳಿಯುತ್ತದೆ. ಆಕಾಶಕ್ಕೆ ಹಾರಿದ ಬಿರುಸಿಗಂತೂ ಗೋಡೆಯ ಅಡ್ಡಿಯಿಲ್ಲ. ಇದಕ್ಕಿಂತ ಬಲವಾದುದು ನೂನಿಜನ ಸಾಕ್ಷ್ಯ. ಪ್ರಧಾನರಾದ ಒಂಬತ್ತು ಮಂದಿ ನಾಯಕರು ಅರಮನೆಯ ಮುಂದೆ ಒಂಬತ್ತು ಕೋಟೆಗಳನ್ನು ನಿರ್ಮಿಸಬೇಕು. ಉಳಿದ ನಾಯಕರೂ ಒಬ್ಬೊಬ್ಬರು ಒಂದೊಂದನ್ನು ಮಾಡಿ ಅರಸನಿಗೆ ತೋರಿಸಬೇಕು. ಒಬ್ಬನ ಕಲ್ಪನೆಯಂತೆ ಮತ್ತೊಬ್ಬನದು ಇರದು. ನಗರದ ಅಧಿಕಾರಿಗಳೂ ಪ್ರತಿರಾತ್ರಿ ತಮ್ಮ ತಮ್ಮ ವಿಚಿತ್ರರಚನೆಗಳೊಡನೆ ಬರಲು ಬದ್ಧರು. ತನ್ನ ದೇಶದ ಹಬ್ಬಗಳಲ್ಲಿಯೂ ಹೀಗೆಯೇ ಎಂದು ಆ ವ್ಯಾಪಾರಿಯು ಹೋಲಿಸುತ್ತಾನೆ. ಇವನ್ನೆಲ್ಲ ಕಟ್ಟಿದವರು ನಾಯಕರಲ್ಲ. ಪೇಟೆಯ ಬಡಗಿಗಳು, ಚಿತ್ರಗಾರರು, ಮದ್ದಿನ ಕೆಲಸದವರು. ಅವು ಸಿದ್ಧವಾದುದು ಊರಿನಲ್ಲಿ, ಹಾದುಬಂದುದು ಬೀದಿಯಲ್ಲಿ. ಆದುದರಿಂದ ಒಳಗಿನ ಅಂಗಣ ಆಸ್ಥಾನದ್ದು, ಹೊರಗಿನ ಬೀದಿ ಊರಿನದು ಎಂದು ವಿಭಾಗಿಸಿಕೊಳ್ಳುವುದೇ ಆಧಾರಗಳಿಗೆ ಸಂಗತವಾದ ನಿರ್ಣಯ. ಬಾಗಿಲಲ್ಲಿ ತಡೆಯಲ್ಪಟ್ಟವನು ರಚನೆಯನ್ನು ಹೊತ್ತು ತಂದವನೇ ಆಗಿರಬಹುದು.

ನೋಟಕ್ಕೆ ಶುಲ್ಕವಿದ್ದಿತೆಂದು ಯಾರೂ ಬರೆದಿಲ್ಲ. ಆದರೆ ಇಷ್ಟರಿಂದಲೇ ಉತ್ಸವವು ನಿಃಶುಲ್ಕವೆಂದು ಸಾಧಿಸುವುದು ದುಡುಕಾದೀತು. ನಾಯಕರು ಅರಸನಿಗೆ ಸಲ್ಲಿಸಬೇಕಾದ ವಾರ್ಷಿಕ ಹಣವನ್ನು ಈ ಒಂಬತ್ತು ದಿನಗಳಲ್ಲಿಯೇ ಸಲ್ಲಿಸುತ್ತಿದ್ದರೆಂದು ನೂನಿಜನು ಹೇಳುತ್ತಾನೆ. ಉಳುವವನು ಹುಟ್ಟುವಳಿಯ ಹತ್ತರಲ್ಲಿ ಒಂಬತ್ತು ಭಾಗವನ್ನು ಒಡೆಯನಿಗೆ ಕೊಡಬೇಕಾಗಿತ್ತೆಂದೂ ಅವನೇ ಹೇಳುತ್ತಾನೆ. ಈ ಲೆಕ್ಕ ಅತಿಯಾಯಿತೆಂಬುದು ನಿಸ್ಸಂದೇಹ. ಹತ್ತರಲ್ಲಿ ಒಂದು ಭಾಗದಿಂದ ಯಾವ ಒಕ್ಕಲು ಬದುಕೀತು? ಆದರೂ ಭಾರವು ಎತ್ತ ಕಡೆಗೆ ಇದ್ದಿತೆಂಬುದಕ್ಕೆ ಅದು ಸಾಕ್ಷಿ. ಗಾಯಕರಿಗೂ ಕಥೆಗಾರರಿಗೂ ಜಟ್ಟಿಗಳಿಗೂ ಅರಸನು ಕೊಟ್ಟ ಹೊನ್ನು ಬಟ್ಟೆಗಳು ಬಹು ದೂರದ ಗದ್ದೆಗಳಿಂದ ಹರಿದು ಬಂದುವು. ಆ ಗದ್ದೆಗಳವರಲ್ಲಿ ತಿರುಗುವ ಮಂಟಪವನ್ನು ಕಂಡವರು ಬಹಳ ಮಂದಿ ಇದ್ದಿರಲಾರರು.

೧೫೬೫ರ ಯುದ್ಧದ ಬಳಿಕ ಹಂಪೆಯ ಅಂಗಣ ಬರಿದಾಯಿತು. ೧೬೧೦ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದ ರಾಜ ಒಡೆಯರು ಅಲ್ಲಿ ಈ ಉತ್ಸವವನ್ನು ನೆಲೆಗೊಳಿಸಿದರು. ಗೋವಿಂದವೈದ್ಯನ ಹೆಸರಿನಿಂದ ಪ್ರಸಿದ್ಧವಾದ ಕಂಠೀರವನರಸರಾಜವಿಜಯದಲ್ಲಿ, ಸಾಂಗತ್ಯದಲ್ಲಿ, ಆ ಪಟ್ಟಣದ ಮಹಾನವಮಿಯ ದೀರ್ಘವಾದ ವರ್ಣನೆ ಬಂದಿದೆ. ೧೬೪೮ರ ಈ ಕಾವ್ಯವು ಪರದೇಶಿಯ ಕಣ್ಣಿನಿಂದಲ್ಲದೆ ಕನ್ನಡಿಗನ ಕಣ್ಣಿನಿಂದ ಉತ್ಸವವನ್ನು ನೋಡಿದುದು. ಪ್ರೇಕ್ಷಕರ ಪ್ರಶ್ನೆಯನ್ನು ಮುಂದುವರಿಸುವವರು ಅದನ್ನು ಸಾಲುಸಾಲಾಗಿ ಶೋಧಿಸಬೇಕಾಗಿದೆ.

ಹಂಪೆಯಲ್ಲಿ ಈಗ ಉಳಿದಿರುವುದು ಮಹಾನವಮಿಯ ದಿಬ್ಬ. ಅದರ ಮೈಯ ಕಲ್ಲಿನ ಪಟ್ಟಿಕೆಗಳಲ್ಲಿ ನರ್ತಕಿಯರೂ ಜಟ್ಟಿಗಳೂ ಬೇಟೆಗಾರರೂ ಆನೆಗಳೂ ಪರದೇಶಿಗಳೂ ನೆಲೆಯಾಗಿ ನಿಂತಿದ್ದಾರೆ. ತುಲಾಯಂತ್ರವೂ ತಿರುಗುವ ಮಂಟಪಗಳೂ ಉಳಿದಿಲ್ಲ. ದಿಬ್ಬದ ಮೇಲಿದ್ದ ಮಂಟಪದಂತೆ ಅವೂ ಮರದಿಂದಾದವು.