ಅಂಗಳದ ಗಿಡ್ಡ ನಿಂಬೆ



ಬಸವಕಲ್ಯಾಣ, ಹುಮನಾಬಾದ ಕಡೆ ಹಿತ್ತಲೆಂದರೆ ಎಷ್ಟು ಜಾಗ? ಎಮ್ಮೆಗೊಂದು ಗೂಟ, ಬಚ್ಚಲ ಕಲ್ಲು, ತುಳಸಿ ಕಟ್ಟೆ. ಉಳಿದದ್ದು ನಾಲ್ಕು ಮೊಳ. "ಅಷ್ಟರಾಗ ನಿಂಬಿ ಬರ್ತದೇನ್ರಿ?" ಎಂದು ಕೇಳುವವರು ಬಹಳ. ಬರುತ್ತದೆ. ಮೊದಲು ಅದರ ಹಳೆಯ ಕಥೆ ಕೇಳಿರಿ.

ಚಾಲುಕ್ಯರ ಮೂರನೆಯ ಸೋಮೇಶ್ವರ ಕಲ್ಯಾಣದಿಂದ ಆಳುತ್ತಿದ್ದಾಗ, ಸುಮಾರು 1129ರಲ್ಲಿ, 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥ ಸಿದ್ಧವಾಯಿತು. ನೂರು ಅಧ್ಯಾಯದ ಗ್ರಂಥ. ಅದರಲ್ಲಿ ರಾಜ್ಯಭಾರದ ಜೊತೆಗೆ ತೋಟವೂ ಉಂಟು, ಅಡಿಗೆಯೂ ಉಂಟು. ಅಡಿಗೆಯ ಮಾತಿನಲ್ಲಿ ಮಾದಲದ ಹುಳಿ ಬರುತ್ತದೆ. ಆ ದಪ್ಪ ಸಿಪ್ಪೆಯ ಮಾದಲವೇ ನಮ್ಮ ಕಾಗ್ಜಿ ನಿಂಬೆಯ ತಂದೆ! ತಾಯಿ ಫಿಲಿಪೈನ್ಸ್ ದ್ವೀಪಗಳ ಒಂದು ಕಾಡುಜಾತಿ. 2016ರಲ್ಲಿ ವಿಜ್ಞಾನಿಗಳು ಗಿಡಗಳ ವಂಶ ಪರೀಕ್ಷಿಸಿ ಇದನ್ನು ಪ್ರಕಟಿಸಿದರು.

ಇನ್ನು ಗಿಡ್ಡ ಗಿಡದ ಗುಟ್ಟು ಬೇರಿನಲ್ಲಿದೆ. ಚೀನಾ ಮೂಲದ ಮೂರೆಲೆ ಕಿತ್ತಳೆಯಲ್ಲಿ 'ಫ್ಲೈಯಿಂಗ್ ಡ್ರ್ಯಾಗನ್' ಎಂಬ ಡೊಂಕು ಮುಳ್ಳಿನ ತಳಿಯೊಂದಿದೆ. ಅದರ ಬೇರಿನ ಮೇಲೆ ಕಸಿ ಕಟ್ಟಿದ ಗಿಡ ಎತ್ತರಕ್ಕೆ ಹೋಗುವುದಿಲ್ಲ. ಇದನ್ನು ಓದಿ ಹುರುಪಿನಿಂದ ನಾನು ಹುಮನಾಬಾದ ಕಡೆಯ ಒಬ್ಬ ತಾಯಿಗೆ ಅಂಥ ಗಿಡ ತರಿಸಿಕೊಟ್ಟೆ. ಹಿತ್ತಲಲ್ಲಿ ಎರೆ ಮಣ್ಣು, ತುಂಬ ಸುಣ್ಣದ ಹರಳು. ಎರಡನೆಯ ವರ್ಷ ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು. "ಗೊಬ್ಬರ ಕಮ್ಮಿ ಬಿತ್ತೇನ್ರಿ ಸಾಹೇಬ್ರ?" ಎಂದರು. ತಪ್ಪು ಗೊಬ್ಬರದ್ದಲ್ಲ, ನನ್ನದು. ಸುಣ್ಣದ ನೆಲದಲ್ಲಿ ಆ ಬೇರಿಗೆ ಕಬ್ಬಿಣದಂಶ ದಕ್ಕುವುದಿಲ್ಲ. ಆಕೆಯ ದುಡ್ಡೂ ಹೋಯಿತು, ಎರಡು ವರ್ಷವೂ ಹೋದವು.

ಅದಕ್ಕೇ ಈಗ ಗೂಟಿ ಗಿಡ ಎನ್ನುತ್ತೇನೆ. ಮಳೆಗಾಲದಲ್ಲಿ, ಕಾಯಿ ಬಿಡುವ ರೋಗವಿಲ್ಲದ ನಿಂಬೆಯ ಪೆನ್ಸಿಲ್ ದಪ್ಪದ ಟೊಂಗೆಯಿಂದ ಒಂದು ಅಂಗುಲ ತೊಗಟೆಯನ್ನು ಉಂಗುರದಂತೆ ತೆಗೆಯಿರಿ. ಹಸಿ ಪಾಚಿ ಸುತ್ತಿ ಪ್ಲಾಸ್ಟಿಕ್ ಹಾಳೆ ಬಿಗಿಯಿರಿ. ಸುಮಾರು ಎರಡು ತಿಂಗಳಿಗೆ ಬೇರು ಕಾಣುತ್ತದೆ. ಕತ್ತರಿಸಿ ನೆರಳಲ್ಲಿ ಸಾಕಿ, ಆಮೇಲೆ ಹಚ್ಚಿರಿ. ಬೀಜದ ಗಿಡಕ್ಕಿಂತ ಬೇಗ ಕಾಯಿ ಬರುತ್ತದೆ, ಸವರುತ್ತಿದ್ದರೆ ಕೈಗೆಟುಕುವಷ್ಟೇ ಇರುತ್ತದೆ. ತಾಯಿಬೇರು ಇಲ್ಲದ್ದರಿಂದ ಗಾಳಿಗೆ ಒಂದು ಊರುಗೋಲು ಬೇಕು. ಎರೆ ನೆಲವಾದರೆ ನೀರು ನಿಲ್ಲದಂತೆ ದಿಬ್ಬ ಮಾಡಿ ಮಸಾರಿ ಮಣ್ಣು ಬೆರೆಸಿರಿ. ಸೋಪಿನ ನೀರು ಬೇಡ.

ಎಳೆ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದು ಕಂಡರೆ ಒರೆಸಿ ಸುಮ್ಮನಾಗಬೇಡಿರಿ. ಅದು ನಿಂಬೆ ಚಿಟ್ಟೆಯ ಮರಿಹುಳು. ಕೈಯಿಂದಲೇ ಆರಿಸಿ ತೆಗೆಯಿರಿ.