ಐದು ಸ್ವರದ ಬಯಲು

ನನ್ನ ಮೊಮ್ಮಗಳು ಎಲೆಕ್ಟ್ರಿಕ್ ಗಿಟಾರಿನಲ್ಲಿ ಲೀಡ್ ಕಲಿಯುತ್ತಿದ್ದಾಳೆ. ಲೀಡ್ ಎಂದರೆ, ಬ್ಯಾಂಡಿನ ಉಳಿದವರು ಹಿಂದೆ ಲಯ ಹಿಡಿದು ನಿಂತಾಗ ಒಬ್ಬರು ಮುಂದೆ ಬಂದು ಆ ಹೊತ್ತಿಗೆ ಹೊಳೆದದ್ದನ್ನು ನುಡಿಸುವುದು. ಶುರುವಿಗೆ ಅವಳಿಗೆ ಐದೇ ಸ್ವರ ಕೊಟ್ಟಿದ್ದಾರೆ, ಅದರಲ್ಲೇ ಓಡಾಡು ಎಂದು. ಅದಕ್ಕೆ ಪೆಂಟಟಾನಿಕ್ ಎಂದು ಹೆಸರಂತೆ. ಬೇಸಿಗೆ ರಜೆಗೆ ಶೆಟ್ಟಿಕೆರೆಗೆ ಬಂದಾಗ ಕೇಳಿದೆ. ಸ ಗ ಮ ಪ ನಿ, ನಮ್ಮ ಶುದ್ಧ ಧನ್ಯಾಸಿಯ ಸ್ವರಗಳೇ! ತಂತಿಯನ್ನು ಅಡ್ಡಕ್ಕೆ ಎಳೆದು ಸ್ವರ ಏರಿಸುವುದೂ ವೀಣೆಯವರು ಮಾಡುವ ಕೆಲಸವೇ. ಸ್ವರ ಒಂದೇ ಆದಮಾತ್ರಕ್ಕೆ ರಾಗವಾಗುವುದಿಲ್ಲ, ಗಮಕ ಬೇಕು, ನಡೆ ಬೇಕು. ಆದರೂ ಪರಿಚಯದವರನ್ನು ಪರದೇಶದಲ್ಲಿ ಕಂಡಂತಾಯಿತು.

ಈ ವಾದ್ಯಕ್ಕೆ ಮುಂದೆ ಬರುವ ಭಾಗ್ಯ ಸುಲಭಕ್ಕೆ ಸಿಕ್ಕಿದ್ದಲ್ಲ. ಅಮೆರಿಕದ ದೊಡ್ಡ ಬ್ಯಾಂಡುಗಳಲ್ಲಿ ತುತ್ತೂರಿ, ಸ್ಯಾಕ್ಸೊಫೋನುಗಳ ಅಬ್ಬರದಲ್ಲಿ ಗಿಟಾರಿನ ದನಿ ಕೇಳಿಸುತ್ತಲೇ ಇರಲಿಲ್ಲ. ಹಿಂದೆ ಕೂತು ಲಯ ಕೊಡುವುದಷ್ಟೇ ಅದರ ಪಾಲು. ವಿದ್ಯುತ್ ಗಿಟಾರ್ ಹಿಡಿದು 1939ರಲ್ಲಿ ಬೆನ್ನಿ ಗುಡ್‌ಮನ್ನರ ತಂಡ ಸೇರಿದ ಚಾರ್ಲಿ ಕ್ರಿಶ್ಚಿಯನ್ ಎಂಬ ಹುಡುಗ, ಸ್ಯಾಕ್ಸೊಫೋನಿನವರಂತೆ ಉದ್ದುದ್ದ ಸಾಲುಗಳನ್ನು ಕಟ್ಟಿ ನುಡಿಸಿದ. 1942ರಲ್ಲಿ, ಇಪ್ಪತ್ತೈದರ ವಯಸ್ಸಿಗೆ ಕ್ಷಯದಿಂದ ತೀರಿಹೋದ. ಅಷ್ಟರಲ್ಲಿ ದಾರಿ ಮಾಡಿಟ್ಟಿದ್ದ.

ಕೇಳಿಸದ ಸಂಕಟ ನಮ್ಮಲ್ಲೂ ಇತ್ತು. ಮೈಕಿಲ್ಲದ ಕಾಲದಲ್ಲಿ ಸಭೆಯ ಕೊನೆಯ ಸಾಲಿಗೆ ಪಿಟೀಲು ಮುಟ್ಟಲೆಂದು ತಿರುಮಕೂಡಲಿನ ಟಿ. ಚೌಡಯ್ಯನವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿಕೊಂಡರು. ಪಕ್ಕವಾದ್ಯದವರ ಕಷ್ಟ ನೋಡಿ: ಹಾಡುವವರು ಮುಂದೆ ಯಾವ ಸ್ವರ ಹಾಕುತ್ತಾರೋ ತಿಳಿಯದು, ಹಾಕಿದೊಡನೆ ಉತ್ತರ ಕೊಡಬೇಕು, ಎಲ್ಲೆಲ್ಲಿ ಸುತ್ತಿದರೂ ಪಲ್ಲವಿಯ ಎತ್ತುಗಡೆಗೆ ಸರಿಯಾಗಿ ಬಂದಿಳಿಯಬೇಕು. ಮೊಮ್ಮಗಳು ಬ್ಲೂಸಿನ ಹನ್ನೆರಡು ಅಳತೆಯನ್ನು ಕಾಲಲ್ಲಿ ಎಣಿಸುತ್ತ ಮಾಡುವುದೂ ಅದನ್ನೇ.

ನಾನು ವೀಣೆ ಕಲಿತದ್ದು ಇಲ್ಲೇ, ವಾರಕ್ಕೆರಡು ದಿನ ಬರುತ್ತಿದ್ದ ಮೇಷ್ಟರ ಹತ್ತಿರ. ಸರಳೆ, ಜಂಟಿ, ಗೀತೆ, ಕೀರ್ತನೆಯವರೆಗೆ ಅಣ್ಣನಿಗೂ ನನಗೂ ಒಂದೇ ಪಾಠ. ಸ್ವರಕಲ್ಪನೆ ಬಂದಾಗ ಅಣ್ಣ ಮಾತ್ರ. "ನಿನಗ್ಯಾಕಮ್ಮಾ ಅದೆಲ್ಲ? ನೋಡೋಕೆ ಬಂದೋರ ಮುಂದೆ ನಾಲ್ಕು ದೇವರನಾಮ ನುಡಿಸಿದರೆ ಸಾಕು" ಎಂದರು. ಅವರು ಕೆಟ್ಟವರಲ್ಲ, ಕಾಲಕ್ಕೆ ತಕ್ಕ ಮಾತಾಡಿದರು. ಹೇಳಿಕೊಟ್ಟದ್ದನ್ನು ಒಪ್ಪಿಸುವುದು ಹೆಣ್ಣಿಗೆ, ಸ್ವಂತದ್ದನ್ನು ಸೇರಿಸುವುದು ಗಂಡಿಗೆ. ಅಡುಗೆಮನೆಯಲ್ಲಿ ಇದ್ದದ್ದರಲ್ಲೇ ಹೊಸದೊಂದು ಸಾರು ಹುಟ್ಟಿಸುತ್ತಿದ್ದ ಅಮ್ಮನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆ ಗೆರೆ ದಾಟಿದವರು ಇಲ್ಲದಿಲ್ಲ. ತಮಿಳುನಾಡಿನ ಡಿ. ಕೆ. ಪಟ್ಟಮ್ಮಾಳ್, ಗಂಡಸರ ಸೊತ್ತೆನಿಸಿದ್ದ ರಾಗ ತಾನ ಪಲ್ಲವಿಯನ್ನು ವೇದಿಕೆಗೆ ತಂದರು. ಅಮೆರಿಕದಲ್ಲಿ ರೊಸೆಟ್ಟಾ ಥಾರ್ಪ್ ಎಂಬ ಕರಿಯ ಹೆಂಗಸು ಭಕ್ತಿಗೀತೆಗೆ ವಿದ್ಯುತ್ ಗಿಟಾರ್ ಬೆರೆಸಿ ಸಭೆಗಳನ್ನು ಕುಣಿಸಿದಳು. ರಾಕ್ ಸಂಗೀತದ ಗಣ್ಯರ ಪಟ್ಟಿಗೆ ಅವಳ ಹೆಸರು ಸೇರಿದ್ದು 2018ರಲ್ಲಿ, ಸತ್ತು 45 ವರ್ಷಕ್ಕೆ.

ನನಗೆ ಹೆಚ್ಚು ಕಾಡುವವರು ಗಂಗೂಬಾಯಿ ಹಾನಗಲ್ಲರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಹಾಡುಗಾರ್ತಿ. ಮಗಳು ಹಿಂದೂಸ್ತಾನಿ ಕಲಿಯುವಾಗ ಅವಳ ಕಿವಿ ಕಲಸಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದರು. 1932ರಲ್ಲಿ ಆ ತಾಯಿ ತೀರಿಕೊಂಡರು. ಆಮೇಲೆ ಮಗಳು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ, ಸವಾಯಿ ಗಂಧರ್ವರ ಪಾಠಕ್ಕೆ ಹೋಗುತ್ತಿದ್ದರು. ಗುರುಗಳು ರಾಶಿ ಸುರಿಯಲಿಲ್ಲ. ಸ್ವಲ್ಪವೇ ಕೊಟ್ಟು ಅದನ್ನೇ ಮತ್ತೆ ಮತ್ತೆ ತಿರುವಿಸಿದರು. ಅಟ್ಟದ ಮೇಲೆ ಕಾಯಿ ಹಾಕಿ, ಒಳಗೆ ಗಿಟುಕು ಕಳಚಿ ಲೊಟಲೊಟ ಎನ್ನುವವರೆಗೆ ತಿಂಗಳುಗಟ್ಟಲೆ ಕಾಯುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ಗಂಟಲಿನ ಚಿಕಿತ್ಸೆಯಾಗಿ ಅವರ ದನಿ ದಪ್ಪವಾಯಿತು, ಗಂಡುದನಿಯಂತಾಯಿತು. ಅದೇ ದನಿಯಲ್ಲಿ ತೊಂಬತ್ತು ದಾಟುವವರೆಗೂ ಹಾಡಿದರು.