ಗಿಳಿ ಚಿತ್ರದ ವಿದೇಶಿ ಅಂಚೆಚೀಟಿ ಅಸಲಿಯೇ? ತೆಲಗಿ ಹಗರಣಕ್ಕೂ ಇದಕ್ಕೂ ಸಂಬಂಧ ಇದೆಯೇ?

ಬೆಳಗಾವಿಯಿಂದ ರೈಲು ಹತ್ತಿದರೆ ದೇಸೂರ ದಾಟಿದ ಮೇಲೆ ಖಾನಾಪುರ ಬರುತ್ತದೆ. 'ನಕಲಿ ಸ್ಟ್ಯಾಂಪ್' ಎಂದ ಕೂಡಲೇ ಈ ಭಾಗದವರಿಗೆ ನೆನಪಾಗುವುದು ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ಹೆಸರು. ಆದರೆ ಅಂಚೆಚೀಟಿಯ ಮೋಸವೇ ಬೇರೆ, ಆ ಹಗರಣವೇ ಬೇರೆ. ಎರಡನ್ನೂ ಬಿಡಿಸಿ ನೋಡೋಣ.

ತೆಲಗಿ ಮಾಡಿದ್ದೇನು?

ತೆಲಗಿ ಜಾಲದ ಮುಖ್ಯ ಸರಕು ಛಾಪಾ ಕಾಗದ. ಅಂದರೆ ಜಮೀನು, ಮನೆ, ಬಾಡಿಗೆ ಕರಾರಿಗೆ ಬಳಸುವ, ಜನ 'ಬಾಂಡ್ ಪೇಪರ್' ಎನ್ನುವ ಕಾಗದ. 2001ರಲ್ಲಿ ಅಜ್ಮೀರದಲ್ಲಿ ಆತನ ಬಂಧನವಾಯಿತು. 2007ರಲ್ಲಿ 30 ವರ್ಷ ಕಠಿಣ ಶಿಕ್ಷೆ, 202 ಕೋಟಿ ರೂಪಾಯಿ ದಂಡ ಬಿತ್ತು. 2017ರಲ್ಲಿ ಬೆಂಗಳೂರಿನಲ್ಲಿ ಮೃತಪಟ್ಟ. ಅಲ್ಲಿ ನಷ್ಟವಾದದ್ದು ಸರ್ಕಾರದ ಬೊಕ್ಕಸಕ್ಕೆ.

ಗಿಳಿ ಚೀಟಿಗಳ ಕಥೆ ಏನು?

ಇಲ್ಲಿ ಹಣ ಹೋಗುವುದು ಸಂಗ್ರಹಕಾರರದ್ದು, ಅದರಲ್ಲೂ ಹೊಸದಾಗಿ ಹವ್ಯಾಸ ಶುರು ಮಾಡಿದ ಮಕ್ಕಳದ್ದು. ನಕಲಿ ಚೀಟಿಗೆ ಅಸಲಿ ಎಂಬುದೊಂದು ಇರುತ್ತದೆ. ಅಕ್ರಮ ಚೀಟಿಗೆ ಅಸಲಿಯೇ ಇರುವುದಿಲ್ಲ. ಯಾವುದೋ ದೇಶದ ಹೆಸರು ಹಾಕಿ ಖಾಸಗಿಯವರು ಅಚ್ಚು ಹಾಕುತ್ತಾರೆ. ಆ ದೇಶದ ಅಂಚೆ ಇಲಾಖೆಗೆ ಅದರ ಸುಳಿವೇ ಇರುವುದಿಲ್ಲ. ಹಕ್ಕಿ, ರೈಲು, ಫುಟ್‌ಬಾಲ್ ಎಂದು ಒಂದೇ ವಿಷಯದ ಚೀಟಿ ಕೂಡಿಡುವವರು ಜಗತ್ತಿನೆಲ್ಲೆಡೆ ಇದ್ದಾರೆ. ಬಣ್ಣಬಣ್ಣದ ಗಿಳಿ ಬೇಗ ಕಣ್ಣಿಗೆ ಬೀಳುತ್ತದೆ, ಬೇಗ ಮಾರಾಟವಾಗುತ್ತದೆ.

ಹಾಗಾದರೆ ಗಿಳಿ ಇರುವ ಚೀಟಿಯೆಲ್ಲ ಮೋಸವೇ?

ಅಲ್ಲ. ನಮ್ಮ ಅಂಚೆ ಇಲಾಖೆಯೇ 2016ರಲ್ಲಿ ವಿದೇಶಿ ಹಕ್ಕಿಗಳ ಸರಣಿಯಲ್ಲಿ ಮಕಾವ್ ಗಿಳಿಗಳ ಚೀಟಿ ಹೊರತಂದಿದೆ.

ಪರೀಕ್ಷಿಸುವುದು ಹೇಗೆ?

1. ವಿಶ್ವ ಅಂಚೆ ಒಕ್ಕೂಟದ 'ಡಬ್ಲ್ಯುಎನ್‌ಎಸ್' ಜಾಲತಾಣದಲ್ಲಿ ದೇಶ ಮತ್ತು ವರ್ಷ ಹಾಕಿ ಹುಡುಕಿ. 2002ರಿಂದ ಈಚೆಗೆ ದೇಶಗಳು ನೋಂದಾಯಿಸಿದ ಚೀಟಿಗಳು ಅಲ್ಲಿವೆ. ಎಲ್ಲ ದೇಶಗಳೂ ನೋಂದಾಯಿಸುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ ಇಲ್ಲದಿದ್ದರೆ ಅನುಮಾನ ಪಡಿ, ತೀರ್ಪು ಕೊಡಬೇಡಿ.

2. ಮೇಲೆ ಅಂಚೆ ಮುದ್ರೆ ಇದ್ದು, ಹಿಂದೆ ಅಂಟು ಹಾಗೇ ಇದ್ದರೆ ಅದು ಪತ್ರದ ಮೇಲೆ ಪ್ರಯಾಣ ಮಾಡಿದ ಚೀಟಿಯಲ್ಲ. ಕೆಲವು ಅಧಿಕೃತ ಚೀಟಿಗಳನ್ನೂ ಸಂಗ್ರಹಕಾರರಿಗಾಗಿ ಹೀಗೆ ಮುದ್ರೆ ಒತ್ತಿ ಮಾರುತ್ತಾರೆ. ಆದರೂ 'ಹಳೇ ಪತ್ರದಿಂದ ಬಿಡಿಸಿದ್ದು' ಎಂಬ ಮಾತನ್ನು ಅಲ್ಲಿ ನಂಬಬೇಡಿ.

3. ಭಾರತದ ಚೀಟಿಗಳನ್ನು ಅಂಚೆ ಕಚೇರಿಯಿಂದಲೇ ಕೊಳ್ಳಿ. ಸಂಗ್ರಹಕಾರರ ಠೇವಣಿ ಖಾತೆ ತೆರೆದರೆ ಹೊಸ ಚೀಟಿಗಳು ಅಂಚೆಯಲ್ಲೇ ಮನೆಗೆ ಬರುತ್ತವೆ.

ಕಾನೂನು ಏನು ಹೇಳುತ್ತದೆ?

ಭಾರತೀಯ ನ್ಯಾಯ ಸಂಹಿತೆಯ 178ನೇ ಕಲಂ ಪ್ರಕಾರ ಸರ್ಕಾರಿ ಸ್ಟ್ಯಾಂಪ್ ನಕಲು ಮಾಡಿದರೆ ಜೀವಾವಧಿ ಶಿಕ್ಷೆಯವರೆಗೂ ಆಗಬಹುದು. ಕಾಲ್ಪನಿಕ ಅಂಚೆಚೀಟಿ ತಯಾರಿಸಿ ಮಾರುವುದನ್ನು 186ನೇ ಕಲಂ ನಿಷೇಧಿಸುತ್ತದೆ. ವಿದೇಶಗಳ ಹೆಸರಿನ ಚೀಟಿಗೂ ಇದು ಅನ್ವಯಿಸುತ್ತದೆ. ಆದರೆ ದಂಡ ಹೆಚ್ಚೆಂದರೆ 200 ರೂಪಾಯಿ! ಕೊಳ್ಳುವವರೇ ಎಚ್ಚರವಾಗಿರಬೇಕಾದ್ದು ಅದಕ್ಕೇ.

ನಮ್ಮ ತೀರ್ಮಾನ: ಗಿಳಿ ಚಿತ್ರ ಇದ್ದ ಮಾತ್ರಕ್ಕೆ ಚೀಟಿ ಅಪರೂಪದ್ದೂ ಅಲ್ಲ, ಅಕ್ರಮವೂ ಅಲ್ಲ. ತೆಲಗಿ ಹಗರಣಕ್ಕೂ ಇದಕ್ಕೂ ಸಂಬಂಧವಿಲ್ಲ. 'ಈ ಚೀಟಿಗೆ ಲಕ್ಷ ರೂಪಾಯಿ' ಎಂಬ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮುಂಚೆ ಮೇಲಿನ ಮೂರು ಪರೀಕ್ಷೆ ಮಾಡಿ ನೋಡಿ.